ಏರು ಹತ್ತಿದ ವ್ಯಾನು

ನಮ್ಮ ಊರಲ್ಲಿ ಬೆಣೆ ಮಾಡುವವನು ಎಂದೂ ಉಪವಾಸ ಬಿದ್ದದ್ದಿಲ್ಲ. ಮಂಚದ ಕಾಲಿಗೆ ಬೆಣೆ, ಒಲೆಗೆ ಬೆಣೆ, ತೊಟ್ಟಿಲಿಗೆ ಬೆಣೆ, ದೇವರ ಪೀಠಕ್ಕೂ ಬೆಣೆ. ಅದರಲ್ಲೂ ಬೆಳಗಿನದೇ ಬೇರೆ, ಸಂಜೆಯದೇ ಬೇರೆ. ಬೆಳಗ್ಗೆ ಊರು ಪಡುವಲಿಗೆ ಇಳಿಜಾರಾಗಿರುತ್ತದೆ, ಮಧ್ಯಾಹ್ನದ ಮೇಲೆ ಮೂಡಲಿಗೆ. ರಾತ್ರಿ ನಾವು ಮಲಗಿದ್ದಾಗ ಒಂದೇ ಏಟಿಗೆ ಮತ್ತೆ ಪಡುವಲಿಗೆ ಹೊರಳುತ್ತದೆ. ಹಗಲು ಮಾತ್ರ ಅದಕ್ಕೆ ಅವಸರವಿಲ್ಲ. ಹೊರಳುವ ನಡುವೆ ಸ್ವಲ್ಪ ಹೊತ್ತು ಸಮವಾಗಿ ನಿಲ್ಲುತ್ತದೆ. ಅದನ್ನು ಸಮಹೊತ್ತು ಅನ್ನುತ್ತೇವೆ. ಆಗ ಎಲ್ಲರೂ ಕೈ ತೊಳೆದು ಊಟಕ್ಕೆ ಕೂರುತ್ತಾರೆ, ಏಕೆಂದರೆ ತಟ್ಟೆಗೆ ಹಾಕಿದ ಸಾರು ತಟ್ಟೆಯಲ್ಲೇ ಉಳಿಯುವುದು ಆಗ ಮಾತ್ರ. ದಾರಿಯಲ್ಲಿ ಸಿಕ್ಕವರನ್ನು ನಾವು ಊಟ ಆಯ್ತಾ ಎಂದು ಕೇಳುವುದಿಲ್ಲ, ಸಮ ಆಯ್ತಾ ಎಂದು ಕೇಳುತ್ತೇವೆ.

ನಾನು ರುದ್ರಾಚಾರಿ, ಬೆಣೆ ಮಾಡುವವನು. ನನ್ನ ಬಾಯಿ ಸ್ವಲ್ಪ ಜೋರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಊರಿನವರು ಆ ‘ಸ್ವಲ್ಪ’ವನ್ನು ಬಿಟ್ಟು ಹೇಳುತ್ತಾರೆ. ಯಾರನ್ನಾದರೂ ಹೊಗಳುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಆದರೆ ಎದುರು ಮನೆಯ ತಿಪ್ಪಕ್ಕನ ವಿಷಯದಲ್ಲಿ ಬೇರೆ ದಾರಿಯಿಲ್ಲ, ಹೊಗಳಲೇಬೇಕು.

ನಮ್ಮ ಊರಿನ ಗಾಡಿಗಳಿಗೆ ಇಂಜಿನ್ ಇರುವುದಿಲ್ಲ. ಸ್ಟೇರಿಂಗು, ಬ್ರೇಕು ಇದ್ದರೆ ಗಾಡಿ ಆಯಿತು. ಮೂಡಲಿನವರು ಬೆಳಗ್ಗೆ ಕೂತು ಬ್ರೇಕು ಬಿಟ್ಟರೆ ಪಡುವಲಿನ ಮಗ್ಗದ ಶೆಡ್ಡುಗಳ ಮುಂದೆ ಇಳಿಯುತ್ತಾರೆ. ಸಂಜೆ ಹಾಗೇ ಉರುಳಿಕೊಂಡು ಮನೆಗೆ ಹೋಗುತ್ತಾರೆ. ಪಡುವಲ ಓಣಿಯವರಾದ ನಾವು ಮಧ್ಯಾಹ್ನ ಮೂಡಲಿನ ಸಂತೆಗೆ ಹೋದರೆ ನೆಂಟರ ಮನೆಯಲ್ಲಿ ಮಲಗಿದ್ದು ಬೆಳಗ್ಗೆ ಉರುಳಿಕೊಂಡು ಬರುತ್ತೇವೆ. ಮೂಡಲಲ್ಲಿ ನೆಂಟರಿಲ್ಲದ ಹುಡುಗನಿಗೆ ನಮ್ಮ ಓಣಿಯಲ್ಲಿ ಹೆಣ್ಣು ಸಿಗುವುದು ಕಷ್ಟ. ಹೋಗುವಾಗಲೂ ಇಳಿಜಾರು, ಬರುವಾಗಲೂ ಇಳಿಜಾರು ಎಂದು ನಾವು ಹೊರಗಿನವರ ಮುಂದೆ ಜಂಬ ಕೊಚ್ಚುತ್ತೇವೆ. ಯಾವುದಕ್ಕೂ ಅವಸರ ಪಟ್ಟವರಿಗೆ ಹಿರಿಯರು ಹೇಳುವ ಮಾತು ಒಂದೇ: ಕಾದರೆ ಊರೇ ಒಯ್ಯುತ್ತದೆ.

ಆಸ್ಪತ್ರೆ ಇರುವುದು ಮೂಡಲ ತುದಿಯಲ್ಲಿ. ಮೂರು ವರ್ಷದ ಹಿಂದೆ ತಿಪ್ಪಕ್ಕನ ಮಗಳು ಜಯಂತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೆ ನೋವು ಶುರುವಾದದ್ದು ಬೆಳಗ್ಗೆ. ನಡೆದು ಹತ್ತುವ ಸ್ಥಿತಿ ಅವಳಿಗಿರಲಿಲ್ಲ. ಗಂಡಸರು ಗಾಡಿಯನ್ನು ತಳ್ಳಿ ನೋಡಿದರು, ಓಣಿಯ ತಿರುವು ದಾಟುವಷ್ಟರಲ್ಲಿ ಕೈ ಸೋತು ಕೂತರು. ಹಿರಿಯರು ಅದೇ ಮಾತು ಹೇಳಿದರು. ಕಾದೆವು. ಸಮಹೊತ್ತು ಕಳೆದದ್ದೇ ತಡ, ಗಾಡಿ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಜಯಂತಿ ಉಳಿದಳು, ಮಗು ಉಳಿಯಲಿಲ್ಲ.

ಆಗ ತಿಪ್ಪಕ್ಕನ ಗಂಡ ಪಾಲಯ್ಯ, ಊರಿಗೆಲ್ಲ ಬ್ರೇಕು ಕೂರಿಸುವವನು, ಒಂದು ಹಳೇ ವ್ಯಾನು ತಂದ. ಊರ ಹೊರಗಿನ ಸಮ ನೆಲದಲ್ಲಿ, ಬಸ್ಸುಗಳು ಬಂದು ತಿರುಗಿ ಹೋಗುವ ಕಡೆ, ಅದನ್ನು ಯಾರೋ ಬಿಟ್ಟು ಹೋಗಿದ್ದರು. ಅದರ ಇಂಜಿನ್ ಕೆಟ್ಟು ಕಲ್ಲಾಗಿತ್ತು. ಪಾಲಯ್ಯ ಗುಜರಿಯಿಂದ ಬೇರೆ ಯಾವುದೋ ಗಾಡಿಯ ಇಂಜಿನ್ ತಂದ. ಬೆಳಗ್ಗೆಯೂ ಮೂಡಲಿಗೆ ಹತ್ತುವ ಒಂದು ಗಾಡಿ ಊರಲ್ಲಿರಬೇಕು, ಅಷ್ಟೇ ಅವನ ಹಟ. ವ್ಯಾನು ಒಂದು ಜಾತಿ, ಇಂಜಿನ್ ಇನ್ನೊಂದು ಜಾತಿ. ಮದುವೆ ಮಾಡಿಸಲು ಹೊರಟವರು ಇಬ್ಬರು: ಪಾಲಯ್ಯ, ಮತ್ತು ತಿಪ್ಪಕ್ಕನ ತಮ್ಮ, ವೆಲ್ಡಿಂಗ್ ಕಾಟಯ್ಯ.

ಇಂಜಿನ್ ಕೂರಲು ಎರಡು ಬದಿಗೆ ಕಬ್ಬಿಣದ ಕಾಲು ಬೇಕು. ಎಡಗಾಲನ್ನು ಪಾಲಯ್ಯ ಮಾಡಿದ, ಬಲಗಾಲನ್ನು ಕಾಟಯ್ಯ. ಪಾಲಯ್ಯನಿಗೆ ಬಿಡುವು ಬೆಳಗ್ಗೆ, ಕಾಟಯ್ಯನಿಗೆ ಮಧ್ಯಾಹ್ನದ ಮೇಲೆ. ನಮ್ಮ ಊರಲ್ಲಿ ಕೆಲಸ ಕಲಿತವನು ನೆಲವನ್ನು ನಂಬುವುದಿಲ್ಲ, ತನ್ನ ಕಣ್ಣನ್ನೂ ನಂಬುವುದಿಲ್ಲ, ರಸಮಟ್ಟ ಒಂದನ್ನೇ ನಂಬುತ್ತಾನೆ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತಿತೆಂದರೆ ಮುಗಿಯಿತು, ಅದರ ಮೇಲೆ ದೇವರ ಮಾತೂ ಇಲ್ಲ. ಇಬ್ಬರೂ ರಸಮಟ್ಟ ಇಟ್ಟೇ ಮಾಡಿದರು. ಹುಣಸೆಮರದ ಕೊಂಬೆಗೆ ಚೈನು ಕಪ್ಪಿ ಕಟ್ಟಿ ಇಂಜಿನ್ ಇಳಿಸಿದರೆ ಅದು ಕೂಡಲಿಲ್ಲ. ಬೆಳಗ್ಗೆ ಇಳಿಸಿದರೆ ಬಲಕ್ಕೆ ತಾಗುತ್ತಿತ್ತು, ಸಂಜೆ ಇಳಿಸಿದರೆ ಎಡಕ್ಕೆ. ಗೇರ್‌ಬಾಕ್ಸಿನ ತೂತಿಗೆ ಇಂಜಿನ್ನಿನ ಮುಖ ಒಮ್ಮೆಯೂ ನೇರವಾಗಿ ಬರಲಿಲ್ಲ.

ಮಾತಿಗೆ ಮಾತು ಬೆಳೆಯಿತು. ಬಾವನಿಗೆ ಕಣ್ಣು ಹೋಗಿದೆ ಎಂದ ಕಾಟಯ್ಯ. ಬಾಮೈದನ ಕೈಗೆ ಹೆಂಡ ಏರಿದೆ ಎಂದ ಪಾಲಯ್ಯ. ಕಾಟಯ್ಯ ಕುಡಿಯುವವನಲ್ಲ, ಅದಕ್ಕೇ ಆ ಮಾತು ಹೆಚ್ಚು ನಾಟಿತು. ಅಂದಿನಿಂದ ಇಬ್ಬರಿಗೂ ಮಾತು ಬಿಟ್ಟಿತು. ಇಬ್ಬರೂ ಊಟ ಮಾಡುತ್ತಿದ್ದದ್ದು ಮಾತ್ರ ತಿಪ್ಪಕ್ಕನ ಇಡ್ಲಿ ಹೋಟೆಲಿನಲ್ಲೇ, ಒಬ್ಬ ಈ ಮೂಲೆಗೆ, ಇನ್ನೊಬ್ಬ ಆ ಮೂಲೆಗೆ. ಇಂಜಿನ್ ತಾಡಪಾಲು ಹೊದ್ದು ಹುಣಸೆಮರದ ಬುಡದಲ್ಲಿ ಕೂತಿತು. ವ್ಯಾನಿನೊಳಗೆ ಕೋಳಿಗಳು ಮೊಟ್ಟೆ ಇಡಲು ಶುರು ಮಾಡಿದವು. ಓಣಿಯ ಹೆಂಗಸರು ಅದರ ತಲೆಯ ಮೇಲೆ ಮೆಣಸಿನಕಾಯಿ ಒಣಗಿಸಿದರು. ನಾನೂ ಅದರ ನೆರಳಿನಲ್ಲಿ ನನ್ನ ಹಸಿ ಮರ ಒಣಗಿಸಿಕೊಂಡೆ. ಅರ್ಧ ಮಾಡಿ ಬಿಟ್ಟ ಕೆಲಸ ಹತ್ತು ಜನಕ್ಕೆ ಉಪಯೋಗಕ್ಕೆ ಬರುತ್ತದೆ ಎಂದು ತಮಾಷೆ ಮಾಡಿದವನೂ ನಾನೇ.

ಈ ವರ್ಷ ಜಯಂತಿ ಮತ್ತೆ ಹೆರಿಗೆಗೆ ಬಂದಳು. ಬಸ್ಸಿಳಿದು ಮನೆಗೆ ಬಂದವಳು ಮೊದಲು ನೋಡಿದ್ದು ವ್ಯಾನನ್ನು. ಅದರಿಂದ ಒಂದು ಹುಂಜ ಇಳಿದು ಅವಳ ಮುಂದೆಯೇ ನಡೆದು ಹೋಯಿತು. ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ನಾನು ಜಗಲಿಯಲ್ಲೇ ಕೂತಿದ್ದೆ, ನನಗೂ ತಮಾಷೆ ಹೊಳೆಯಲಿಲ್ಲ.

ಮರುದಿನ ತಿಪ್ಪಕ್ಕ ಹೋಟೆಲಿಗೆ ಬೀಗ ಹಾಕಿದಳು. ಅವಳ ಅತ್ತೆ ಸತ್ತಾಗಲೂ ಮಧ್ಯಾಹ್ನಕ್ಕೆ ತೆರೆದಿದ್ದ ಹೋಟೆಲು ಅದು. ಕೋಳಿಗಳನ್ನು ಓಡಿಸಿ, ವ್ಯಾನಿನ ಮುಂದೆ ಒಂದು ಮಣೆ ಹಾಕಿಕೊಂಡು, ಗಂಡನ ರಸಮಟ್ಟ ಕೈಯಲ್ಲಿ ಹಿಡಿದು ಕೂತಳು. ಬೆಳಗ್ಗೆ ಎಡಗಾಲಿನ ಮೇಲೆ ಇಟ್ಟು ನೋಡಿದಳು, ಬಲಗಾಲಿನ ಮೇಲೆ ಇಟ್ಟು ನೋಡಿದಳು. ಓಣಿಯೆಲ್ಲ ಊಟಕ್ಕೆ ಎದ್ದಾಗಲೂ ಅವಳು ಏಳಲಿಲ್ಲ, ಇಟ್ಟು ನೋಡಿದಳು. ಸಂಜೆಯೂ ಅದೇ. ಹೊತ್ತು ಮುಳುಗುವ ಹೊತ್ತಿಗೆ ನನ್ನ ಅಂಗಳಕ್ಕೆ ಬಂದು, ಸಮಹೊತ್ತಿಗೆ ಎರಡು ಬೆಣೆ ಮಾಡಿಕೊಡಿ ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಸಮಹೊತ್ತಿಗೆ ಎಂತಹ ಬೆಣೆ? ಆಗ ಯಾವುದಕ್ಕೂ ಬೆಣೆ ಬೇಡವೆಂದೇ ಅದು ಸಮಹೊತ್ತು. ನಗುವಷ್ಟು ನಗಲಿ ಎಂದು ಅವಳು ಕಾದಳು. ಆಮೇಲೆ ಹೇಳಿದಳು.

“ಬೆಳಗ್ಗೆ ನೋಡಿದ್ರೆ ನಮ್ಮನೆಯವರ ಕಾಲು ಸರಿಯಾಗೈತೆ. ಸಂಜೆ ನೋಡಿದ್ರೆ ನನ್ ತಮ್ಮನ್ ಕಾಲು ಸರಿಯಾಗೈತೆ. ಸಮಹೊತ್ತಲ್ಲಿ ಎರಡೂ ಓರೆ. ಇಬ್ರೂ ಸರಿಯಾಗೇ ಮಾಡವ್ರೆ ಆಚಾರ್ರೇ. ಅದಕ್ಕೇ ಕೂಡ್ತಾ ಇಲ್ಲ.”

ನಾನು ಉಳಿ ಕೆಳಗಿಟ್ಟೆ. ಊರೇ ಓರೆ, ಅದರ ಜೊತೆ ವ್ಯಾನೂ ಓರೆ, ರಸಮಟ್ಟಕ್ಕೆ ಸರಿಯಾದ ಕಾಲು ವ್ಯಾನಿಗೆ ಓರೆಯಾಗುತ್ತದೆ. ಚೈನಿನಲ್ಲಿ ತೂಗುವ ಇಂಜಿನ್ ನೆಟ್ಟಗೆ ತೂಗುತ್ತದೆ, ಕೆಳಗೆ ವ್ಯಾನು ವಾಲಿ ನಿಂತಿರುತ್ತದೆ. ಇವೆರಡೂ ಮುಖಾಮುಖಿಯಾಗುವುದು ದಿನಕ್ಕೆ ಒಂದೇ ಸಲ, ನಾವೆಲ್ಲ ಗೋಡೆಯ ಕಡೆ ಮುಖ ಮಾಡಿ ಸಾರು ಹೀರುತ್ತಿರುವಾಗ. ಯಾರಿಗೂ ಹೊಳೆಯದಿದ್ದದ್ದು ಯಾರೂ ದಡ್ಡರೆಂದಲ್ಲ. ಸಮಹೊತ್ತಿನಲ್ಲಿ ಕೈ ಎಂಜಲಾಗಬೇಕೇ ಹೊರತು ಕೊಳೆಯಾಗಬಾರದು ಎಂದು ನಮ್ಮಲ್ಲಿ ಕಟ್ಟಳೆ. ಆಗ ಕೆಲಸ ಮಾಡಿದವರನ್ನು ಊರು ಕಂಡದ್ದೇ ಇಲ್ಲ. ಅದು ಒಂದು ಹೊತ್ತು ಎಂಬುದೇ ನಮ್ಮ ಲೆಕ್ಕದಲ್ಲಿರಲಿಲ್ಲ.

ಮಗಳನ್ನು ಮೂಡಲಲ್ಲಿ ಯಾರದಾದರೂ ಮನೆಯಲ್ಲಿ ಇರಿಸಿದರೆ ಈ ಪಾಡೆಲ್ಲ ಯಾಕೆ ಎಂದು ನಾನು ಕೇಳಿದೆ. ತಿಪ್ಪಕ್ಕ ನನ್ನ ಮನೆಯ ಬಾಗಿಲ ಕಡೆ ನೋಡಿದಳು. ಒಳಗೆ ನನ್ನ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅವಳಿಗೂ ಆಗ ಮೂರು ತಿಂಗಳು. “ನನ್ ಮಗಳನ್ನ ಇರಿಸ್ಬೋದು. ಓಣೀನೆಲ್ಲ ಎಲ್ಲಿ ಇರಿಸಾನ?” ಎಂದಳು.

ಆ ರಾತ್ರಿಯ ಊಟ ನನಗೆ ಸರಿಯಾಗಿ ಇಳಿಯಲಿಲ್ಲ. ಬೆಳಗ್ಗೆ ಎದ್ದವನೇ ಕರಿಜಾಲಿಯ ತುಂಡು ತೆಗೆದು ಕೂತೆ. ನನ್ನ ಜೀವಮಾನದಲ್ಲಿ ಮೊದಲ ಸಲ ಎರಡೂ ಕಡೆ ಒಂದೇ ದಪ್ಪದ ಬೆಣೆ ಮಾಡಿದೆ.

ಕಷ್ಟದ ಕೆಲಸ ಇಂಜಿನ್ನಿನದಲ್ಲ, ಊಟ ಬಿಡಿಸುವುದು. ಚೈನು ಎಳೆಯಲು, ವ್ಯಾನು ಅಲ್ಲಾಡದಂತೆ ಹಿಡಿಯಲು ಓಣಿಯ ಕೈಗಳೆಲ್ಲ ಬೇಕಿತ್ತು. ತಿಪ್ಪಕ್ಕ ಸಮಹೊತ್ತಿನಲ್ಲೇ ಮನೆ ಮನೆಗೆ ಹೋದಳು. ಎಲ್ಲರೂ ಮನೆಯಲ್ಲಿ ಸಿಗುವುದು ಆಗಲೇ ಅಲ್ಲವೇ. ಉಣ್ಣುತ್ತಿದ್ದವರ ಮುಂದೆ ನಿಂತು, ನಾಳೆ ಒಂದು ದಿನ ಈ ಹೊತ್ತನ್ನು ನನಗೆ ಕೊಡಿ ಎಂದು ಕೇಳಿದಳು. ಕೆಲವರು ಅನ್ನ ಕಲಸುತ್ತಾ ನೋಡೋಣ ಎಂದರು. ಓಣಿಯ ಹಿರಿಯ ಬೋರಜ್ಜ ಕೈಯಲ್ಲಿದ್ದ ತುತ್ತು ಇಳಿಸದೆಯೇ, ಅವಸರ ಯಾಕವ್ವ, ಕಾದರೆ ಊರೇ ಒಯ್ಯುತ್ತದೆ ಎಂದ.

“ಒಯ್ತು ಅಜ್ಜ,” ಎಂದಳು ತಿಪ್ಪಕ್ಕ. “ಒಂದ್ಸಲ ಒಯ್ತು.”

ದನಿ ಏರಿಸಲಿಲ್ಲ, ಅಳಲಿಲ್ಲ, ಮುಂದಿನ ಮನೆಗೆ ಹೋದಳು. ಬೋರಜ್ಜ ಆ ತುತ್ತನ್ನು ತಟ್ಟೆಗೇ ಹಾಕಿ ಕೈ ತೊಳೆದನೆಂದು ಅವನ ಸೊಸೆ ಆಮೇಲೆ ಹೇಳಿದಳು. ಗಂಡನಿಗೂ ತಮ್ಮನಿಗೂ ಮಾತ್ರ ತಿಪ್ಪಕ್ಕ ಬೇಡಿಕೊಳ್ಳಲು ಹೋಗಲಿಲ್ಲ. ನಾಳೆ ಹೋಟೆಲಿನಲ್ಲಿ ಇಬ್ಬರಿಗೂ ಊಟವಿಲ್ಲ, ಹಸಿವಾದರೆ ವ್ಯಾನಿನ ಹತ್ತಿರ ಬನ್ನಿ ಎಂದು ಎರಡು ಮೂಲೆಗೂ ಕೇಳುವಂತೆ ಹೇಳಿದಳು. ಅಂದೇ ಅವರವರು ಮಾಡಿದ ಕಾಲನ್ನು ಅವರವರ ಕೈಯಲ್ಲೇ ಕಡಿಸಿದಳು. ಸರಿಯಾಗಿಯೇ ಮಾಡಿದ ಕೆಲಸವನ್ನು ತಾನೇ ಕಡಿದು ಹಾಕುವುದು ಸುಲಭವಲ್ಲ. ಕೆಲಸ ಗೊತ್ತಿದ್ದವರಿಗೆ ಗೊತ್ತು. ಪಾಲಯ್ಯ ಬೆಳಗ್ಗೆ ಕಡಿದ, ಕಾಟಯ್ಯ ಸಂಜೆ ಕಡಿದ. ಇಬ್ಬರೂ ಯಾರ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ಊರು ಸಮಕ್ಕೆ ಬರುವ ಹೊತ್ತಿಗೆ ಹುಣಸೆಮರದ ಕೆಳಗೆ ಓಣಿಯೇ ನಿಂತಿತ್ತು. ಬೋರಜ್ಜ ಎಲ್ಲರಿಗಿಂತ ಮೊದಲು ಬಂದು ಚೈನಿನ ಹತ್ತಿರ ನಿಂತಿದ್ದ, ಎಳೆಯುವ ಶಕ್ತಿಯಿಲ್ಲದಿದ್ದರೂ. ಮನೆಗಳಲ್ಲಿ ಬಡಿಸಿದ ತಟ್ಟೆಗಳು ಹಾಗೇ ಇದ್ದವು, ನಾಯಿಗಳಿಗೆ ಅಂದು ಹಬ್ಬ. ಎಷ್ಟೋ ಜನ ಸಮಹೊತ್ತಿನ ಬಿಸಿಲನ್ನು ಬೀದಿಯಲ್ಲಿ ನಿಂತು ನೋಡಿದ್ದು ಅದೇ ಮೊದಲು. ನೆರಳು ಕಾಲ ಬುಡದಲ್ಲೇ ಕೂತಿತ್ತು. ತಿಪ್ಪಕ್ಕ ಒಂದು ಲೋಟದ ತುಂಬ ನೀರು ತುಂಬಿ ನೆಲದ ಮೇಲಿಟ್ಟಳು. ನೀರು ಅಂಚಿನಲ್ಲಿ ಸುತ್ತಲೂ ಒಂದೇ ಸಮ ನಿಂತಾಗ, ಇಳಿಸಿ ಎಂದಳು.

ಇಂಜಿನ್ ಇಳಿಯಿತು. ಎಡಕ್ಕೂ ತಾಗಲಿಲ್ಲ, ಬಲಕ್ಕೂ ತಾಗಲಿಲ್ಲ. ಪಾಲಯ್ಯ ಒಂದು ಬದಿ, ಕಾಟಯ್ಯ ಇನ್ನೊಂದು ಬದಿ, ಇಬ್ಬರೂ ವ್ಯಾನಿನ ಕೆಳಗೆ ಮಲಗಿದ್ದರು. ನಾನು ನನ್ನ ಬೆಣೆಗಳನ್ನು ಎರಡು ಕಡೆಗೂ ಕೊಟ್ಟೆ. ಇಂಜಿನ್ನಿನ ಮುಖ ಗೇರ್‌ಬಾಕ್ಸಿನ ಹತ್ತಿರ ಬಂದು, ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ತಳ್ಳಿದರೂ ಇಲ್ಲ, ಅಲ್ಲಾಡಿಸಿದರೂ ಇಲ್ಲ. ಲೋಟದ ನೀರು ಮೂಡಲ ಅಂಚಿಗೆ ಉಬ್ಬತೊಡಗಿತು. ಮನೆಯ ಬಾಗಿಲಲ್ಲಿ ಜಯಂತಿ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಗೇರ್‌ಬಾಕ್ಸಿನ ಹಲ್ಲು ಕೂಡುತ್ತಿಲ್ಲ, ಒಬ್ಬ ಇಂಜಿನ್ನಿನ ಚಕ್ರ ತಿರುಗಿಸುತ್ತಿದ್ದರೆ ಇನ್ನೊಬ್ಬ ತಳ್ಳಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಬಾಯಿ ಬಿಡಬೇಕಿತ್ತು. ಮೊದಲ ಹನಿ ಲೋಟದಿಂದ ಚೆಲ್ಲಿತು.

“ಬಾವ,” ಎಂದ ಕಾಟಯ್ಯ, ಕೆಳಗಿನಿಂದ. “ನಾನ್ ತಿರುಗಿಸ್ತೀನಿ. ನೀನ್ ನೂಕು.”

ಪಾಲಯ್ಯ ನೂಕಿದ. ಟಕ್ ಎಂದು ಒಂದು ಸದ್ದು ಬಂತು. ಕುಕ್ಕರಿನ ಮುಚ್ಚಳ ಕೂತ ಹಾಗೆ, ಅಷ್ಟೇ. ಆ ಸದ್ದಿಗೆ ಮೂರು ವರ್ಷ ಹಿಡಿದಿತ್ತು. ಬೋಲ್ಟುಗಳು ಏರಿದವು, ಊರು ಮೂಡಲಿಗೆ ವಾಲಿತು, ಲೋಟ ಬಿದ್ದು ಉರುಳಿತು. ಇಂಜಿನ್ ವ್ಯಾನಿನ ಜೊತೆಗೇ ವಾಲಿತು, ಬೇರೆಯಾಗಲಿಲ್ಲ. ನನ್ನ ಬೆಣೆಗಳ ಮೇಲೆ ಅದು ಕೂತಿದ್ದಂತೆಯೇ ಕಾಟಯ್ಯ ಸಂಜೆಯೊಳಗೆ ಹೊಸ ಕಾಲುಗಳನ್ನು ಬೆಸೆದ, ಪಾಲಯ್ಯ ಅವನಿಗೆ ದೀಪ ಹಿಡಿದ. ಅಂದು ರಾತ್ರಿ ತಿಪ್ಪಕ್ಕ ಇಬ್ಬರಿಗೂ ಒಂದೇ ಮೂಲೆಯಲ್ಲಿ ಬಡಿಸಿದಳು. ಅವರು ಎಣ್ಣೆಯ ವಿಷಯ, ರೇಡಿಯೇಟರಿನ ವಿಷಯ ಮಾತಾಡಿದರಂತೆ. ಆ ಹಳೆಯ ಜಗಳದ ಸುದ್ದಿ ಬರಲೇ ಇಲ್ಲವಂತೆ.

ಬ್ರೇಕು, ಸ್ಟೇರಿಂಗು ನಮ್ಮ ಊರಿನವರಿಗೆ ಹಾಲಿನ ಜೊತೆಗೇ ಬರುತ್ತದೆ. ಗೇರು ಮಾತ್ರ ಗೊತ್ತಿಲ್ಲ. ತಿಪ್ಪಕ್ಕ ಬಸ್ಸು ನಿಲ್ಲುವ ಸಮ ನೆಲಕ್ಕೆ ಹೋಗಿ, ಡ್ರೈವರಿಗೆ ಬಿಸಿ ಇಡ್ಲಿ ಕೊಟ್ಟು, ಪಕ್ಕದಲ್ಲಿ ಕೂತು ಗೇರು ಹಾಕುವುದನ್ನು ನೋಡಿ ಕಲಿತಳು. ಪಾಲಯ್ಯನೋ ಕಾಟಯ್ಯನೋ ಓಡಿಸಲಿ ಎಂದು ನಾವು ಹೇಳಿದೆವು. ಇಬ್ಬರಲ್ಲಿ ಯಾರೆಂದು ಮತ್ತೆ ಜಗಳ ಬೇಡ ಎಂದಳು. ನಾನು ಬಾಯಿ ಮುಚ್ಚಿಕೊಂಡೆ, ಅದೂ ಓಣಿಯಲ್ಲಿ ಒಂದು ಸುದ್ದಿಯಾಯಿತು.

ಜಯಂತಿಗೆ ನೋವು ಬಂದದ್ದು ಬೆಳಗ್ಗೆಯೇ, ತಿಪ್ಪಕ್ಕ ಮೊದಲ ತಟ್ಟೆ ಇಡ್ಲಿ ಇಳಿಸುತ್ತಿದ್ದಾಗ. ಇಡ್ಲಿ ಹಾಗೇ ಬಿಟ್ಟು ಬಂದಳು. ಮಗಳನ್ನು ಹಿಂದೆ ಮಲಗಿಸಿ, ಪಾಲಯ್ಯನನ್ನು ಅವಳ ಪಕ್ಕ ಕೂರಿಸಿ, ತಾನು ಮುಂದೆ ಕೂತಳು. ನಾನು ಗಾಲಿಯ ಬೆಣೆ ತೆಗೆಯಲು ಬಗ್ಗಿದ್ದೆ. ಸುತ್ತ ನಿಂತವರೆಲ್ಲ, ಏನಾಯಿತೆಂದು ಹೇಗೆ ತಿಳಿಯಬೇಕು, ನಾಳೆ ಬೆಳಗ್ಗೆ ಮೂಡಲಿನವರು ಉರುಳಿಕೊಂಡು ಬರುವ ತನಕ ಕಾಯಬೇಕಾ ಎಂದು ಕೇಳಿದರು.

“ಮಗು ಚೆನ್ನಾಗಿದ್ರೆ ಇವತ್ತೇ ಬಂದು ಹೇಳ್ತೀನಿ,” ಎಂದಳು. “ಇಲ್ದಿದ್ರೆ ನಾಳೆ ಬೆಳಗ್ಗೆ ಊರು ಒಯ್ದಂಗೆ ಬತ್ತೀನಿ. ಆಗೇನ್ ಅವಸರ.”

ಬೆಣೆ ತೆಗೆದೆ. ಇಂಜಿನ್ ಕೂಗಿತು, ಹೊಗೆ ಬಂತು. ಗಾಲಿ ಒಂದು ಗೇಣು ಹಿಂದಕ್ಕೆ ಜಾರಿತು. ನಾನು ಬೆಣೆ ಹಿಡಿದು ಮತ್ತೆ ಬಗ್ಗಿದೆ. ಆಮೇಲೆ ವ್ಯಾನು ಮುಂದಕ್ಕೆ ಹೊರಟಿತು. ಮೂಡಲಿನಿಂದ ಕೆಲಸಕ್ಕೆ ಇಳಿಯುತ್ತಿದ್ದ ಗಾಡಿಗಳೆಲ್ಲ ಬ್ರೇಕು ಒತ್ತಿ ಬದಿಗೆ ನಿಂತವು. ಬೆಳಗಿನ ಹೊತ್ತು ಏರು ಹತ್ತುವ ಗಾಡಿಯನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೆಲವರು ಟವೆಲು ತೆಗೆದು ಕೈಯಲ್ಲಿ ಹಿಡಿದು ನಿಂತರು, ದೇವರು ಹೋಗುವಾಗ ನಿಲ್ಲುವ ಹಾಗೆ.

ಆ ದಿನ ಸಮಹೊತ್ತಿನಲ್ಲಿ ನಮ್ಮ ಓಣಿಯ ಯಾವ ಮನೆಯಲ್ಲೂ ಊಟ ಸೇರಲಿಲ್ಲ. ಊರು ಮೂಡಲಿಗೆ ಹೊರಳಿತು. ಇನ್ನು ಆಸ್ಪತ್ರೆ ಕೆಳಗೆ, ನಾವು ಮೇಲೆ. ಬರುವುದಾದರೆ ಅವಳು ಮತ್ತೆ ಏರು ಹತ್ತಿಯೇ ಬರಬೇಕು. ಕಾಟಯ್ಯ ಹುಣಸೆಮರದ ಬುಡದಲ್ಲಿ ಕೂತು ಒಂದು ನಟ್ಟನ್ನು ಬೋಲ್ಟಿಗೆ ಏರಿಸುತ್ತಿದ್ದ, ಬಿಚ್ಚುತ್ತಿದ್ದ. ಬಿಸಿಲು ಇಳಿಯಿತು. ಸಂಜೆಯ ಗಾಡಿಗಳು ಸದ್ದಿಲ್ಲದೆ ಕೆಳಗೆ ಉರುಳಿ ಹೋದವು. ಒಂದೊಂದೇ ಮನೆಯವರು ಒಳಗೆ ಹೋಗತೊಡಗಿದರು. ನಾನೂ ಏಳೋಣವೆಂದು ಮೊಣಕಾಲಿನ ಮೇಲೆ ಕೈಯೂರಿದೆ.

ಆಗ ಬೋರಜ್ಜ ಕೈ ಎತ್ತಿದ. ಅವನಿಗೆ ಕಿವಿ ಮಂದ, ಆದರೂ ಮೊದಲು ಕೇಳಿಸಿದ್ದು ಅವನಿಗೇ. ದೂರದಲ್ಲಿ, ಕೆಳಗೆ, ಒಂದು ಇಂಜಿನ್ ಏದುಸಿರು ಬಿಡುತ್ತಾ ಏರು ಹತ್ತುತ್ತಿತ್ತು. ಕಾಟಯ್ಯನ ಕೈಯಿಂದ ನಟ್ಟು ಬಿದ್ದು ಮೂಡಲ ಕಡೆಗೆ ಉರುಳಿಕೊಂಡು ಹೋಯಿತು. ಅವನು ಅದನ್ನು ಹಿಡಿಯಲು ಏಳಲಿಲ್ಲ, ಮುಖ ಮುಚ್ಚಿಕೊಂಡು ಅಳುತ್ತಿದ್ದ. ವ್ಯಾನು ಇನ್ನೂ ತಿರುವಿನಲ್ಲಿ ಕಾಣಿಸಿಕೊಂಡಿರಲಿಲ್ಲ, ಯಾರೂ ಏನನ್ನೂ ಹೇಳಿರಲಿಲ್ಲ. ನನ್ನ ಸೊಸೆ ಒಳಗಿನಿಂದ ಓಡಿ ಬಂದು, ಮಾವಯ್ಯ ಏನಂತೆ ಎಂದು ಕೇಳಿದಳು.

ಮಗು ಅಳುತ್ತಿದೆಯಂತೆ, ಕೇಳಿಸಿಕೋ ಎಂದೆ.